ಎಣಿಸಿದ ಮರ, ಎಣಿಸದ ಮರ

(ರಾಜ್ಯೋತ್ಸವದ ಸಭೆಯಲ್ಲಿ ಬೈಕುಲ್ಲಾದ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ಪಂಪನಿಂದ ಆರಂಭಿಸಿ ಏಕೀಕರಣದಲ್ಲಿ ಮುಗಿಸುವುದು ವಾಡಿಕೆ. ಆ ಮಾತುಗಳನ್ನು ನಮಗಿಂತ ಚೆನ್ನಾಗಿ ಆಡಬಲ್ಲ ಪಂಡಿತರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾವಾದರೋ ಬಹುಕಾಲ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ಚಿಲ್ಲರೆ ಎಣಿಸಿದವರು. ಎಣಿಸುವುದೊಂದನ್ನು ಬಿಟ್ಟರೆ ಬೇರೆ ವಿದ್ಯೆ ನಮಗೆ ಬಾರದು. ಆದುದರಿಂದ ಇಂದು ಎಣಿಕೆಯ ವಿಷಯವನ್ನೇ ಹೇಳುತ್ತೇವೆ. ನಾಣ್ಯದ ಎಣಿಕೆಯಲ್ಲ, ಮರದ ಎಣಿಕೆ. ಕನ್ನಡದ ಹಬ್ಬದಲ್ಲಿ ಮರದ ಮಾತೇಕೆ ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಕೊನೆಯವರೆಗೆ ತಾಳ್ಮೆಯಿಂದಿರಬೇಕೆಂದು ಬೇಡಿಕೊಳ್ಳುತ್ತೇವೆ.

ನಾವು ದಿನವೂ ಹತ್ತಿ ಇಳಿಯುವ ಲೋಕಲ್ ಗಾಡಿಯಿಂದಲೇ ಆರಂಭಿಸೋಣ. ಬೈಕುಲ್ಲಾದಿಂದ ದಾದರದ ಕಡೆಗೆ ಹೊರಟರೆ ಮೊದಲು ಬರುವ ಸ್ಟೇಶನು ಚಿಂಚಪೋಕಳಿ. ಚಿಂಚ ಎಂದರೆ ಮರಾಠಿಯಲ್ಲಿ ಹುಣಸೆ. ವಡಾಳಾದಲ್ಲಿ ವಡ ಇದೆ, ಅಂದರೆ ಆಲ. ಉಮರಖಾಡಿಯಲ್ಲಿ ಉಂಬರ, ನಮ್ಮ ಅತ್ತಿ. ಫಣಸವಾಡಿಯಲ್ಲಿ ಹಲಸು. ತಾಡದೇವದಲ್ಲಿ ತಾಳೆ. ನಮ್ಮ ಬೈಕುಲ್ಲಾದ ಮೂಲ ಹೆಸರು ಭಾಯಖಳಾ. ಬಾಹವಾ ಮರಗಳಿದ್ದ ತಗ್ಗಿನ ಬಯಲು ಎಂಬ ಅರ್ಥದಿಂದ ಆ ಹೆಸರು ಬಂತೆಂದು ಒಂದು ಮತವಿದೆ. ಬಾಹವಾ ಎಂದರೆ ಬೇರಾವುದೂ ಅಲ್ಲ, ಬೇಸಗೆಯಲ್ಲಿ ಹೊನ್ನಿನ ಗೊಂಚಲು ತೂಗುಬಿಡುವ ನಮ್ಮ ಕಕ್ಕೆ ಮರ. ಮೂಡುಬಿದಿರೆಯಲ್ಲಿ ಬಿದಿರು, ಹಲಸೂರಿನಲ್ಲಿ ಹಲಸು ಇರುವಂತೆಯೇ ಈ ಊರಿನ ಹಿರಿಯರೂ ಮರವನ್ನು ನೋಡಿ ಊರಿಗೆ ಹೆಸರಿಟ್ಟರು. ಹೆಸರು ಉಳಿದಿದೆ. ಮರ ಎಲ್ಲಿ ಎಂದು ಚಿಂಚಪೋಕಳಿಯಲ್ಲಿ ಇಳಿದು ಹುಡುಕಿ ನೋಡಿರಿ.

ಬೈಕುಲ್ಲಾದ ನೆಲದ ಚರಿತ್ರೆಯೂ ಕೇಳತಕ್ಕದ್ದೇ. ಮುಂಬಯಿಯು ಏಳು ದ್ವೀಪಗಳಾಗಿದ್ದ ಕಾಲದಲ್ಲಿ ಭರತದ ನೀರು ಮಹಾಲಕ್ಷ್ಮಿಯ ಕಡೆಯಿಂದ ಒಳನುಗ್ಗಿ ಈ ತಗ್ಗಿನಲ್ಲೆಲ್ಲ ಹರಡುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಗವರ್ನರ್ ಹಾರ್ನ್‌ಬಿ ಎಂಬಾತನ ಕಾಲದಲ್ಲಿ ಕಟ್ಟಿದ ಒಡ್ಡು ಆ ನೀರನ್ನು ತಡೆಯಿತು. ಕೆಸರು ಒಣಗಿ ನೆಲವಾಯಿತು. 1853ರಲ್ಲಿ ರೈಲು ಬಂತು. ಅದರ ಹಿಂದೆಯೇ ಗಿರಣಿಗಳು ಬಂದುವು, ಗಿರಣಿಯ ಹಿಂದೆ ಚಾಳುಗಳು, ಚಾಳುಗಳ ಹಿಂದೆ ಹೋಟೆಲುಗಳು, ಹೋಟೆಲುಗಳ ಹಿಂದೆ ನಾವು. ಹೀಗೆ ಇಲ್ಲಿಯ ಒಂದೊಂದು ಅಡಿ ನೆಲವೂ ಮನುಷ್ಯನು ದುಡಿದು ಸಂಪಾದಿಸಿದುದು. ಸಂಪಾದಿಸಿದ ಸೊತ್ತನ್ನು ಹೇಗೆ ಬಳಸುತ್ತೇವೆ ಎಂಬುದೇ ಈಗಿನ ಪ್ರಶ್ನೆ.

ಈ ಹೊಗೆಯ ಮತ್ತು ಹಂಚಿನ ನಡುವೆ ಒಂದು ಹಸುರು ಉಳಿಯಿತು. ಅದೇ ರಾಣಿಬಾಗ್. ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘವೆಂಬುದೊಂದು ಆಗ ಶಿವಡಿಯಲ್ಲಿ ತೋಟವನ್ನು ಇಟ್ಟುಕೊಂಡಿತ್ತು. ಆ ಜಾಗ ಮುಂದೆ ಗೋರಿಗಳ ಪಾಲಾಯಿತು. ಜಾರ್ಜ್ ಬರ್ಡ್‌ವುಡ್ ಮೊದಲಾದವರ ಪ್ರಯತ್ನದಿಂದ ಬೈಕುಲ್ಲಾದಲ್ಲಿ ಹೊಸ ಸಸ್ಯೋದ್ಯಾನ ಎದ್ದಿತು. 1862ರ ನವೆಂಬರ್ ತಿಂಗಳಲ್ಲಿ ಗವರ್ನರರ ಪತ್ನಿ ಲೇಡಿ ಫ್ರಿಯರ್ ಅದನ್ನು ತೆರೆದರು. ನಮ್ಮ ರಾಜ್ಯೋತ್ಸವದ ತಿಂಗಳೇ ಅದರ ಹುಟ್ಟಿದ ತಿಂಗಳು ಎಂಬುದನ್ನು ಮಕ್ಕಳು ನೆನಪಿಡಬೇಕು. ಮುಂದೆ ಅದು ನಗರಸಭೆಯ ಕೈಸೇರಿತು, ಪ್ರಾಣಿಸಂಗ್ರಹವೂ ಕೂಡಿಕೊಂಡಿತು. ಪಕ್ಕದಲ್ಲಿಯೇ 1872ರಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು. ಈಗ ಅದಕ್ಕೆ ಡಾಕ್ಟರ್ ಭಾವು ದಾಜಿ ಲಾಡ್ ಅವರ ಹೆಸರಿದೆ. ವಿಕ್ಟೋರಿಯಾ ರಾಣಿಯ ಹೆಸರಿನ ಉದ್ಯಾನವು ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಜನರ ಬಾಯಲ್ಲಿ ಮಾತ್ರ ಅಂದಿನಿಂದ ಇಂದಿನವರೆಗೂ ರಾಣಿಬಾಗ್. ವಿಸ್ತಾರ ಐವತ್ತು ಎಕರೆಗೆ ತುಸು ಹೆಚ್ಚು.

ನಾವು 1966ರಲ್ಲಿ ಉಡುಪಿಯ ಕಡೆಯಿಂದ ಬಸ್ಸು ಹತ್ತಿ ಬಂದಾಗ ನಮಗೆ ಹದಿಮೂರು ವರ್ಷ. ಬೆಳಗ್ಗೆ ನಾಲ್ಕಕ್ಕೆ ಹಿಟ್ಟು ರುಬ್ಬುವವರ ಜೊತೆ ಎದ್ದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುವ ದಿನಗಳು. ಮಲಗುವುದು ಹೋಟೆಲಿನ ಮೇಜಿನ ಮೇಲೆ. ಊರಿನ ನೆನಪಾದಾಗ ಅಳಲು ಸಹ ಒಂದು ಮೂಲೆ ಇರಲಿಲ್ಲ. ರಜೆಯ ಮಧ್ಯಾಹ್ನ ನಾಲ್ಕಾರು ಹುಡುಗರು ಕೂಡಿ ರಾಣಿಬಾಗಿಗೆ ಹೋಗುತ್ತಿದ್ದೆವು. ಉಳಿದವರು ಹುಲಿ ನೋಡಲು ಓಡಿದರೆ ನಾವು ಬಕುಳದ ಮರದ ಕೆಳಗೆ ಕುಳಿತು ಹೂ ಹೆಕ್ಕುತ್ತಿದ್ದೆವು. ನಮ್ಮ ಕಡೆ ಅದಕ್ಕೆ ರೆಂಜೆ ಎನ್ನುತ್ತಾರೆ. ತಾಯಿ ಅದನ್ನು ಬಾಳೆಯ ನಾರಿನಲ್ಲಿ ಪೋಣಿಸುತ್ತಿದ್ದರು. ಒಂದು ದಿನ ರತ್ನಾಗಿರಿಯ ಕಡೆಯ ಮಾಲಿಯೊಬ್ಬನು ನಮ್ಮನ್ನು ಹಿಡಿದನು. ಬೈಯುವನೆಂದು ಹೆದರಿದೆವು. ಅವನು ಬೈಯಲಿಲ್ಲ. ಮರದ ಹೆಸರು ಹೇಳು ಎಂದನು. ರೆಂಜೆ ಎಂದೆವು. ಬಕುಳ ಎಂದನು. ಇನ್ನೊಂದನ್ನು ತೋರಿಸಿ ಸಾತ್ವಿಣ್ ಎಂದನು. ನಾವು ಪಾಲೆ ಎಂದೆವು. ಹೀಗೆ ಮರಾಠಿಯನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಮರಗಳಿಂದ. ಇದು ನಮ್ಮೂರಿನ ಮರವೇ ಎಂದು ಗೊತ್ತಾದ ದಿನ, ಈ ಊರು ನಮಗೆ ಅಷ್ಟು ಪರದೇಶವಾಗಿ ಉಳಿಯಲಿಲ್ಲ.

ಇಷ್ಟು ನಮ್ಮ ಸ್ವಂತದ ಕಥೆ. ಇನ್ನು ಮರದಿಂದ ನಗರಕ್ಕೆ ನಿಜವಾಗಿ ಏನು ಪ್ರಯೋಜನ ಎಂಬುದನ್ನು ಬಲ್ಲವರ ಮಾತಿನಿಂದ ಹೇಳಬೇಕು. ಮರ ನೆರಳು ಕೊಡುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಎಷ್ಟು ತಂಪು ಎಂದು ಅಳೆದು ನೋಡಿದವರು ಯಾರು? ನಮ್ಮ ಬೆಂಗಳೂರಿನಲ್ಲಿಯೇ ಹರಿಣಿ ನಾಗೇಂದ್ರ ಎಂಬ ವಿದುಷಿಯೂ ಅವರ ಸಂಗಡಿಗರೂ ಆ ಕೆಲಸ ಮಾಡಿ 2013ರಲ್ಲಿ ಪ್ರಕಟಿಸಿದರು. ಮರಗಳಿರುವ ರಸ್ತೆಯ ತುಂಡನ್ನೂ ಮರಗಳಿಲ್ಲದ ತುಂಡನ್ನೂ ಆರಿಸಿ, ಎರಡರಲ್ಲಿಯೂ ಗಾಳಿಯ ಬಿಸಿಯನ್ನೂ ರಸ್ತೆಯ ಬಿಸಿಯನ್ನೂ ಹೊಗೆ ಧೂಳನ್ನೂ ಅಳೆದರು. ಮಧ್ಯಾಹ್ನದ ಹೊತ್ತಿಗೆ ಮರದ ಕೆಳಗಿನ ಗಾಳಿ 5.6 ಡಿಗ್ರಿಯವರೆಗೆ ತಂಪಾಗಿತ್ತು. ಡಾಂಬರಿನ ಮೈ 27.5 ಡಿಗ್ರಿಯವರೆಗೆ ತಂಪಾಗಿತ್ತು. ಗಂಧಕದ ಹೊಗೆಯೂ ನೂರಕ್ಕೆ 65ರವರೆಗೆ ಕಡಿಮೆಯಿತ್ತು. ಬರಿಗಾಲಿನಲ್ಲಿ ಕೈಗಾಡಿ ಎಳೆಯುವವನಿಗೂ ಡಬ್ಬಾ ಹೊತ್ತು ನಡೆಯುವವನಿಗೂ ಈ 27 ಡಿಗ್ರಿಯ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಗುಟ್ಟು ಏನು? ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಮಣ್ಣಿನ ಹೂಜಿಯಲ್ಲಿ ನೀರು ಏಕೆ ತಣ್ಣಗಿರುತ್ತದೆ? ಹೂಜಿಯ ಮೈಯಿಂದ ನೀರು ಸ್ವಲ್ಪ ಸ್ವಲ್ಪವಾಗಿ ಒಸರಿ ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಮರವೂ ಹಾಗೆಯೇ. ಬೇರಿನಿಂದ ಎಳೆದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಒಂದೊಂದು ಮರವೂ ಬೀದಿಯಲ್ಲಿ ನಿಲ್ಲಿಸಿದ ಒಂದು ದೊಡ್ಡ ಹೂಜಿ. ಆದರೆ ಹೂಜಿಗೆ ನೀರು ತುಂಬಬೇಕಷ್ಟೆ? ಬುಡದ ಸುತ್ತಲೂ ಸಿಮೆಂಟು ಬಳಿದರೆ ನೀರು ಇಳಿಯುವುದೆಲ್ಲಿಂದ? ನಾವು ಅಂದಗೊಳಿಸುವ ಹೆಸರಿನಲ್ಲಿ ಮರದ ಕುತ್ತಿಗೆಗೆ ಸಿಮೆಂಟಿನ ಪಟ್ಟಿ ಕಟ್ಟುತ್ತೇವೆ. ಬೇರು ಉಸಿರುಗಟ್ಟಿ ಸೊರಗುತ್ತದೆ. ಮಳೆಗಾಲದ ಗಾಳಿಗೆ ಮರ ಉರುಳಿ ಬಿದ್ದಾಗ ಮರವನ್ನೇ ದೂರುತ್ತೇವೆ. ದಿಲ್ಲಿಯಲ್ಲಿ ರಾಷ್ಟ್ರೀಯ ಹಸುರು ನ್ಯಾಯಾಧಿಕರಣವು 2013ರಲ್ಲಿಯೇ ಮರದ ಬುಡದಿಂದ ಒಂದು ಮೀಟರಿನಷ್ಟು ಸುತ್ತಲೂ ಕಾಂಕ್ರೀಟನ್ನು ತೆಗೆದುಬಿಡಬೇಕೆಂದು ಆಜ್ಞೆ ಮಾಡಿತು.

ಇನ್ನೊಂದು ಉಪಕಾರ ಮಳೆಯದು. 2005ನೆಯ ಜುಲೈ 26ನ್ನು ಮರೆತವರು ಈ ಸಭೆಯಲ್ಲಿ ಇರಲಾರರು. ಸಾಂತಾಕ್ರೂಝಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ. ಅಂಥ ಮಳೆಯನ್ನು ಯಾವ ಮರವೂ ಪೂರ್ತಿ ಕುಡಿಯಲಾರದು, ನಿಜ. ಆದರೆ ಸಾಧಾರಣ ಮಳೆಗೂ ಬೀದಿಯು ಹೊಳೆಯಾಗುವುದೇಕೆ ಎಂದು ವಿಚಾರಿಸಬೇಕು. ಎಲೆಯ ಮೇಲೆ ಬಿದ್ದ ಹನಿ ತಡೆದು ಇಳಿಯುತ್ತದೆ. ಮಣ್ಣಿನ ಮೇಲೆ ಬಿದ್ದುದು ಒಳಗಿಳಿಯುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದುದು ಆ ಕ್ಷಣವೇ ಮೋರಿಗೆ ಓಡುತ್ತದೆ. ಎಲ್ಲ ನೀರೂ ಒಮ್ಮೆಗೇ ಓಡಿದರೆ ಮೋರಿಯಾದರೂ ಏನು ಮಾಡೀತು?

ಹಾಗಾದರೆ ಊರಿನಲ್ಲಿ ಎಲ್ಲವೂ ಸರಿಯಾಗಿದೆಯೆ? ಇಲ್ಲ. ಅದನ್ನೂ ಮುಚ್ಚಿಡದೆ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರೂ ಅವರ ಸಹಕಾರಿಗಳೂ ಉಪಗ್ರಹದಿಂದ ತೆಗೆದ ಚಿತ್ರಗಳನ್ನು ವರ್ಷ ವರ್ಷಕ್ಕೆ ಹೋಲಿಸಿ ಒಂದು ಲೆಕ್ಕ ಹಾಕಿದರು. 1973ರಿಂದ 2017ರ ತನಕ ಬೆಂಗಳೂರಿನಲ್ಲಿ ಕಟ್ಟಡ ರಸ್ತೆಗಳು ಮುಚ್ಚಿದ ನೆಲವು ನೂರಕ್ಕೆ 1028ರಷ್ಟು ಬೆಳೆಯಿತು, ಅಂದರೆ ಹನ್ನೊಂದು ಪಟ್ಟು ಆಯಿತು. ಹಸುರು ನೂರಕ್ಕೆ 88ರಷ್ಟು ಹೋಯಿತು. ಕೆರೆಕುಂಟೆಗಳು ನೂರಕ್ಕೆ 79ರಷ್ಟು ಹೋದುವು. ಅವರೇ ಮರಗಳನ್ನೂ ಎಣಿಸಿದರು: 14.78 ಲಕ್ಷ ಮರಗಳು, ಏಳು ಜನರಿಗೆ ಒಂದು. 1973 ಯಾವ ವರ್ಷವೆಂದು ಬಲ್ಲಿರಷ್ಟೆ? ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ವರ್ಷ. ನಾವು ವರ್ಷವರ್ಷವೂ ಹೆಸರಿನ ಹಬ್ಬ ಮಾಡುತ್ತಿದ್ದೆವು. ಅತ್ತ ಹೈದರಾಲಿಯು ಲಾಲ್‌ಬಾಗನ್ನು ನೆಟ್ಟ ಊರಿನಲ್ಲಿ, ಕ್ರುಂಬಿಗೆಲ್ ಎಂಬ ಜರ್ಮನಿಯ ತೋಟಗಾರನು ಒಂದಾದ ಮೇಲೊಂದು ಬೀದಿ ಹೂಬಿಡುವಂತೆ ಸಾಲುಮರಗಳನ್ನು ಹೊಂದಿಸಿದ ಊರಿನಲ್ಲಿ, ನೆಲದ ಬಣ್ಣವೇ ಬದಲಾಗುತ್ತಿತ್ತು.

ಮುಂಬಯಿಯ ಸ್ಥಿತಿಯೂ ಬೇರೆಯಲ್ಲ. 2018ರಲ್ಲಿ ಪ್ರಕಟವಾದ ಮರಗಳ ಗಣತಿಯಲ್ಲಿ 29.75 ಲಕ್ಷ ಮರಗಳು ಸಿಕ್ಕಿದುವು. 2011ರ ಜನಗಣತಿಯಂತೆ ಜನರು 1 ಕೋಟಿ 24 ಲಕ್ಷ. ಸುಮಾರು ನಾಲ್ವರಿಗೆ ಒಂದು. ಕೇಳಲು ಬೆಂಗಳೂರಿಗಿಂತ ಮೇಲು. ಆದರೆ ಮರಗಳು ಜನರಂತೆ ಎಲ್ಲೆಡೆಯೂ ಹಂಚಿಕೊಂಡು ನಿಂತಿಲ್ಲ. ದೊಡ್ಡ ಬಂಗಲೆಗಳ ಓಣಿಯಲ್ಲಿ ನೆರಳು ದಟ್ಟ. ಗಿರಣಿಯ ಚಾಳುಗಳ ಓಣಿಯಲ್ಲಿ ಬಿಸಿಲು ದಟ್ಟ. ಆಡಲು ಕೂಡಲು ತೆರೆದ ಜಾಗದ ಲೆಕ್ಕ ಹಿಡಿದರೆ ಈ ಊರಿನವನಿಗೆ ತಲೆಗೆ ಒಂದೂಕಾಲು ಚದರ ಮೀಟರು ಎಂದು ಹೇಳುವುದುಂಟು. ಒಂದು ಚಾಪೆ ಹಾಸಲು ಸಹ ಅದು ಸಾಲದು.

ಈ ಚಾಪೆಯನ್ನು ಹಿಗ್ಗಿಸುವ ಅವಕಾಶ ಒಮ್ಮೆ ನಮ್ಮ ಮನೆಬಾಗಿಲಿಗೇ ಬಂದಿತ್ತು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರವನ್ನು ಕಂಡವರು ಇಲ್ಲಿದ್ದೀರಿ. ಚಿಮಣಿಗಳು ತಣ್ಣಗಾದುವು, ನಮ್ಮ ಹೋಟೆಲುಗಳಲ್ಲಿ ಉದ್ರಿ ಪುಸ್ತಕ ದಪ್ಪವಾಯಿತು, ಎಷ್ಟೋ ಮನೆಗಳು ಊರಿಗೆ ಹಿಂದಿರುಗಿದುವು. ಗಿರಣಿಗಳ ಸುಮಾರು 600 ಎಕರೆ ನೆಲ ನಗರದ ನಡುವೆ ಬಿದ್ದುಕೊಂಡಿತ್ತು. 1991ರ ನಿಯಮವೊಂದು ಅದನ್ನು ಸ್ಥೂಲವಾಗಿ ಮೂರು ಪಾಲು ಮಾಡಿತು: ಒಂದು ಪಾಲು ತೆರೆದ ಜಾಗಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಗಿರಣಿಯ ಒಡೆಯನಿಗೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯು 1996ರಲ್ಲಿ ಈ ನೆಲವನ್ನೆಲ್ಲ ಕೂಡಿಸಿ ಹೇಗೆ ಉಪಯೋಗಿಸಬಹುದೆಂದು ವರದಿ ಕೊಟ್ಟಿತು. 2001ರಲ್ಲಿ ನಿಯಮ ತಿದ್ದುಪಡಿಯಾಯಿತು: ಹಂಚಬೇಕಾದುದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆಯು ನ್ಯಾಯಾಲಯದ ಮೆಟ್ಟಿಲು ಹತ್ತಿತು. 2005ರ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು; 2006ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟು ಅದನ್ನು ತಳ್ಳಿಹಾಕಿತು. ತೋಟಗಳಾಗಬಹುದಾಗಿದ್ದ ಜಾಗದಲ್ಲಿ ಬಹುಪಾಲು ಗೋಪುರಗಳು ಎದ್ದುವು. ನ್ಯಾಯಾಲಯದ ಮಾತಿಗೆ ತಲೆಬಾಗೋಣ. ಆದರೆ ನಮ್ಮನ್ನು ನಾವು ಒಂದು ಮಾತು ಕೇಳಿಕೊಳ್ಳೋಣ: ಆ ಹದಿನೈದು ವರ್ಷ, ಆ ನೆಲದ ಅಂಚಿನಲ್ಲಿಯೇ ವಾಸವಾಗಿದ್ದ ನಾವು, ಈ ವಿಷಯವನ್ನು ಒಂದು ಸಭೆಯಲ್ಲಾದರೂ ಎತ್ತಿದ್ದೆವೆ?

ಈಗ ರಾಣಿಬಾಗಿಗೆ ಹಿಂದಿರುಗೋಣ. ಗಿರಣಿಯ ನೆಲದಲ್ಲಿ ಸೋತುದನ್ನು ಅಲ್ಲಿ ಕೆಲವರು ಹೇಗೆ ಗೆದ್ದರು ಎಂಬುದೇ ಇಂದಿನ ನಮ್ಮ ಮುಖ್ಯ ಮಾತು. 2007ರ ಹೊತ್ತಿಗೆ ಈ ಹಳೆಯ ಉದ್ಯಾನವನ್ನು ಅಂತರರಾಷ್ಟ್ರೀಯ ಮಟ್ಟದ ಪ್ರಾಣಿಸಂಗ್ರಹಾಲಯ ಮಾಡುವ ಬಹುಕೋಟಿ ರೂಪಾಯಿಯ ಯೋಜನೆಯೊಂದು ಹೊರಟಿತು. ಬ್ಯಾಂಕಾಕಿನ ಸಲಹೆಗಾರರು ಬಂದರು. ನಕ್ಷೆಯಲ್ಲಿ ಕೃತಕ ಬಂಡೆಗಳಿದ್ದುವು, ಹೊಸ ಕಟ್ಟಡಗಳಿದ್ದುವು. ಮರಗಳ ಗತಿ ಏನೆಂದು ಕೇಳಿದವರು ಕೆಲವು ಮಹಿಳೆಯರು. ಹುತೋಕ್ಷಿ ರುಸ್ತಮ್‌ಫ್ರಾಮ್, ಶುಭದಾ ನಿಖಾರ್ಗೆ, ಕೇಟಿ ಬಾಗಲಿ, ಶೀಲಾ ತನ್ನಾ, ಹುತೋಕ್ಷಿ ಅರೆಥ್ನಾ ಎಂಬುವರ ಹೆಸರುಗಳನ್ನು ಈ ಸಭೆಯಲ್ಲಿ ಗೌರವದಿಂದ ಹೇಳುತ್ತೇವೆ. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ಇದ್ದುದು ಮರಗಳ ಪರಿಚಯ. ಯಾವ ಮರ ಎಲ್ಲಿದೆ, ಯಾವಾಗ ಹೂ ಬಿಡುತ್ತದೆ, ಈ ನಗರದಲ್ಲಿ ಅದು ಬೇರೆ ಎಲ್ಲಿಯೂ ಸಿಗುತ್ತದೆಯೇ ಇಲ್ಲವೇ ಎಂಬ ತಿಳಿವಳಿಕೆ.

ವಾದದ ಹೊತ್ತಿನಲ್ಲಿ ಮುಂದಿಟ್ಟ ಅಂಕೆ ಇದು: 3,213 ಮರಗಳು, 286 ಜಾತಿಗಳು. ಸುಮಾರು ಐವತ್ತು ಎಕರೆಯಲ್ಲಿ ಇಷ್ಟು! ಸೀತೆ ಕುಳಿತ ಅಶೋಕ ಅಲ್ಲಿದೆ. ನಾವು ಅಶೋಕವೆಂದು ಕಂಪೌಂಡಿನುದ್ದಕ್ಕೂ ನೆಡುವ ಉದ್ದನೆಯ ಮರವಲ್ಲ, ಕೆಂಪು ಕಿತ್ತಳೆ ಬಣ್ಣದ ಹೂ ಗೊಂಚಲಿನ ನಿಜವಾದ ಅಶೋಕ. ನಾಗಲಿಂಗ ಪುಷ್ಪದ ಮರವಿದೆ. ಆಫ್ರಿಕದ ಬಾವೊಬಾಬ್ ಇದೆ. ಮರಾಠಿಯವರು ಗೋರಖ ಚಿಂಚ ಎನ್ನುವ ಅದನ್ನು ನಮ್ಮ ಸವಣೂರಿನವರು ದೊಡ್ಡ ಹುಣಸೆ ಎನ್ನುತ್ತಾರೆ. ಸವಣೂರಿನಲ್ಲಿ ಅಂಥ ಮೂರು ಮಹಾವೃಕ್ಷಗಳಿದ್ದು, 2023ರ ಜುಲೈಯ ಮಳೆಯಲ್ಲಿ ಒಂದು ಬುಡಸಹಿತ ಉರುಳಿತು. ಜನರು ಅದನ್ನು ಕಡಿದು ಸೌದೆ ಮಾಡಲಿಲ್ಲ, ಮತ್ತೆ ನೆಟ್ಟು ನಿಲ್ಲಿಸಿದರು. ಅದರ ಹೆಸರನ್ನೂ ಬೆಲೆಯನ್ನೂ ಬಲ್ಲವರಾಗಿದ್ದುದರಿಂದ ಹಾಗೆ ಮಾಡಿದರು.

ರಾಣಿಬಾಗಿನಲ್ಲಿಯೂ ಹಾಗೆಯೇ ಆಯಿತು. ಇದು ಬರಿಯ ತೋಟವಲ್ಲ, ನಗರದ ಪರಂಪರೆ ಎಂಬ ವಾದವನ್ನು ಅವರು ಪಟ್ಟಿಯೊಡನೆ, ಹೆಸರಿನೊಡನೆ, ಸಂಖ್ಯೆಯೊಡನೆ ಮಂಡಿಸಿದರು. ಮುಂಬಯಿಯ ಪರಂಪರೆ ಸಂರಕ್ಷಣಾ ಸಮಿತಿಯು ಮೊದಲಿನ ಯೋಜನೆಯನ್ನು ಒಪ್ಪಲಿಲ್ಲ. ಯೋಜನೆ ಚಿಕ್ಕದಾಯಿತು. ಉದ್ಯಾನಕ್ಕೆ ನೂರೈವತ್ತು ತುಂಬಿದ 2012ರಲ್ಲಿ ಆ ಮಹಿಳೆಯರು ಅದರ ಮರಗಳ ಮೇಲೆ ಒಂದು ಪುಸ್ತಕವನ್ನೇ ಹೊರತಂದರು. ಮುಂದೆ 2016ರಲ್ಲಿ ಪೆಂಗ್ವಿನ್ ಹಕ್ಕಿಗಳು ಬಂದುವು, ಹೊಸ ಪಂಜರಗಳು ಬಂದುವು, ಮಕ್ಕಳಿಗೆ ಸಂತೋಷವಾಯಿತು. ಸಂತೋಷಪಡಬಾರದೆಂದು ನಾವು ಹೇಳುವುದಿಲ್ಲ. ಕಟ್ಟಡ ಕಟ್ಟುವ ಆಸೆ ಮತ್ತೆ ಮತ್ತೆ ಹುಟ್ಟುವುದರಿಂದ ಕಾಯುವವರೂ ಮತ್ತೆ ಮತ್ತೆ ಹುಟ್ಟಬೇಕು ಎಂದಷ್ಟೇ ಹೇಳುತ್ತೇವೆ.

ಇದನ್ನು ಹೇಳುವಾಗ ನಮ್ಮ ತಲೆ ತಾನಾಗಿ ಬಾಗುತ್ತದೆ. ಏಕೆಂದರೆ ಅದೇ ವರ್ಷಗಳಲ್ಲಿ, ಅದೇ ಬೈಕುಲ್ಲಾದಲ್ಲಿ, ನಮ್ಮ ಚಾಳಿನ ಅಂಗಳದ ಮರವನ್ನು ನಾವು ಕಳೆದುಕೊಂಡೆವು. ಅದೂ ಒಂದು ರೆಂಜೆ. ಯಾರು ನೆಟ್ಟರೋ ತಿಳಿಯದು. ನಾವು ಮದುವೆಯಾಗಿ ಆ ಚಾಳಿನಲ್ಲಿ ಖೋಲಿ ಹಿಡಿದಾಗಲೇ ಮೂರು ಮಾಳಿಗೆಯ ಎತ್ತರವಿತ್ತು. ಮುಂಜಾನೆ ಅಂಗಳದ ತುಂಬ ಹೂವು. ಕುಂದಾಪುರದ ಅಕ್ಕ, ಸಾತಾರೆಯ ಮಾವಶಿ, ನಮ್ಮ ಮನೆಯವರು, ಮೂವರೂ ಒಟ್ಟಿಗೆ ಹೆಕ್ಕಿ ಹಂಚಿಕೊಳ್ಳುತ್ತಿದ್ದರು. ಜಗಳವಾಗಿ ಮಾತು ಬಿಟ್ಟ ದಿನ ಸಹ ಹೂ ಹೆಕ್ಕುವುದು ನಿಲ್ಲುತ್ತಿರಲಿಲ್ಲ. ಬೇಸಗೆಯ ರಾತ್ರಿ ಗಂಡಸರ ಹಾಸಿಗೆಗಳೆಲ್ಲ ಅದರ ಕೆಳಗೆ.

ಹಳೆಯ ಚಾಳನ್ನು ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ಬಂತು. ಸೋರುವ ಮಾಡು, ಸಾಮೂಹಿಕ ಪಾಯಿಖಾನೆ, ಯಾರಿಗೆ ಬೇಡ ಹೊಸ ಮನೆ? ಎಲ್ಲರೂ ಸಹಿ ಹಾಕಿದೆವು. ನಾವೂ ಹಾಕಿದೆವು. ಆ ಕಾಗದದಲ್ಲಿ ಖೋಲಿಗಳ ಲೆಕ್ಕವಿತ್ತು, ಚದರಡಿಯ ಲೆಕ್ಕವಿತ್ತು, ಬಾಡಿಗೆಯ ಲೆಕ್ಕವಿತ್ತು. ಮರದ ಲೆಕ್ಕವಿತ್ತೇ ಎಂದು ನಾವು ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಮರದ ಕಾಂಡಕ್ಕೆ ಒಂದು ಮರಾಠಿ ಕಾಗದ ಅಂಟಿಸಿದ್ದರು. ಅದು ಮರ ತೆಗೆಯುವ ನೋಟೀಸು. ಆಕ್ಷೇಪವಿದ್ದರೆ ಇಷ್ಟು ದಿನದೊಳಗೆ ಬರೆದು ತಿಳಿಸಬೇಕೆಂಬ ಒಕ್ಕಣೆ. ದಿನವೂ ಅದರ ಮುಂದೆಯೇ ನಡೆದು ಹೋದೆವು. ನಮಗೆ ಮರಾಠಿ ಓದಲು ಬರುತ್ತದೆ, ಬಂಧುಗಳೆ. ಆ ಮಾಲಿ ಕಲಿಸಿದ್ದನಲ್ಲ! ಆದರೂ ಓದಲಿಲ್ಲ. ಅದು ಈ ಊರಿನವರ ಕಾಗದ, ನಾವು ದುಡಿಯಲು ಬಂದವರು, ನಮಗೇಕೆ ಎಂಬ ಭಾವನೆ. ಒಂದು ಬೆಳಗ್ಗೆ ಗರಗಸದ ಸದ್ದು ಕೇಳಿ ಎದ್ದೆವು. ಮಾವಶಿ ಅಂಗಳದಲ್ಲಿ ನಿಂತು ಅಳುತ್ತಿದ್ದರು. ಅಷ್ಟು ಹೊತ್ತಿಗೆ ಆಕ್ಷೇಪದ ಅವಧಿ ಮುಗಿದು ಹೋಗಿತ್ತು.

ಯಾರನ್ನು ದೂರೋಣ? ಕಡಿದವರಲ್ಲಿ ಅನುಮತಿಯಿತ್ತು, ಅನುಮತಿಗೆ ಮೊದಲು ನೋಟೀಸಿತ್ತು, ನೋಟೀಸಿಗೆ ಮೊದಲು ನಮ್ಮ ಸಹಿಯಿತ್ತು. ಈಗ ನಮಗೆ ಲಿಫ್ಟಿದೆ, ಮನೆಯೊಳಗೆ ನೀರಿದೆ, ದೇವರ ದಯೆ. ಅಂಗಳದ ಜಾಗದಲ್ಲಿ ಮೋಟಾರು ನಿಲ್ಲಿಸುವ ಮಹಡಿಗಳಿವೆ. ಕುಂಡಗಳಲ್ಲಿ ನಾಲ್ಕು ಅಲಂಕಾರದ ತಾಳೆಗಿಡಗಳಿವೆ. ಆದರೆ ನಮ್ಮ ಮನೆಯವರು ಈಗ ಕುಂದಾಪುರದ ಅಕ್ಕನನ್ನು ನೋಡಬೇಕಾದರೆ ಫೋನು ಮಾಡಿ ಹೋಗುತ್ತಾರೆ. ರಾಣಿಬಾಗಿನಲ್ಲಿ 3,213 ಮರಗಳಿಗೆ ಲೆಕ್ಕ ಬರೆದವರಿದ್ದರು, ಅವು ಉಳಿದುವು. ನಮ್ಮ ಅಂಗಳದಲ್ಲಿ ಇದ್ದುದು ಒಂದೇ ಮರ. ಒಂದನ್ನು ಎಣಿಸುವವರೂ ಇರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಮಾಡಬೇಕಾದುದೇನು ಎಂದು ಹೇಳದಿದ್ದರೆ ಅರ್ಧ ಬೇಯಿಸಿ ಬಡಿಸಿದಂತಾಗುತ್ತದೆ. ಮೊದಲನೆಯದು, ಹೆಸರು ಕಲಿಯುವುದು. ಆಟಿ ಅಮಾವಾಸ್ಯೆಗೆ ಪಾಲೆಯ ಕಷಾಯ ಕುಡಿಯುವ ನಮ್ಮ ತುಳುನಾಡಿನ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರ ಗುರುತಿಸಲು ತಪ್ಪಿ ಕಾಸರ್ಕದ ತೊಗಟೆ ತಂದರೆ ಅದು ವಿಷ. ಸರಿಯಾದ ಹೆಸರು ಪ್ರಾಣವನ್ನು ಉಳಿಸುತ್ತದೆ, ಮನುಷ್ಯನದನ್ನೂ ಮರದದನ್ನೂ. ಮಕ್ಕಳನ್ನು ರಾಣಿಬಾಗಿಗೆ ಕರೆದೊಯ್ದಾಗ ಪೆಂಗ್ವಿನ್ ತೋರಿಸಿರಿ, ಬೇಡವೆನ್ನುವುದಿಲ್ಲ; ಹೊರಗೆ ಬರುವಾಗ ಹತ್ತು ಮರಗಳ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಳಿಸಿರಿ. ಕನ್ನಡ ಮರೆಯುತ್ತಿದ್ದಾರೆ ಎಂದು ಗೊಣಗುವ ಬದಲು ಇದು ಒಳ್ಳೆಯ ಪಾಠ.

ಎರಡನೆಯದು, ಎಣಿಸುವುದು. ನಮ್ಮ ಸಂಘದಲ್ಲಿ ತರುಣರ ವಿಭಾಗವಿದೆ, ಮಹಿಳಾ ವಿಭಾಗವಿದೆ. ವರ್ಷಕ್ಕೆ ಒಂದು ಭಾನುವಾರ ನಾವಿರುವ ಓಣಿಗಳ ಮರಗಳನ್ನು ಎಣಿಸಿ ಒಂದು ವಹಿಯಲ್ಲಿ ಬರೆಯೋಣ: ಎಲ್ಲಿದೆ, ಯಾವ ಜಾತಿ, ಸುತ್ತಳತೆ ಎಷ್ಟು, ಬುಡಕ್ಕೆ ಸಿಮೆಂಟು ಬಳಿದಿದೆಯೇ. ಸಂಶೋಧನೆ ಎಂಬುದು ದೊಡ್ಡವರ ಪ್ರಯೋಗಶಾಲೆಯಲ್ಲಿ ಮಾತ್ರ ನಡೆಯುವುದಿಲ್ಲ. ಅಳತೆಯ ಪಟ್ಟಿ, ಪೆನ್ಸಿಲು, ಸತ್ಯಸಂಧತೆ, ಈ ಮೂರು ಸಾಕು. ಮಾಗಡಿಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಶಾಲೆಗೆ ಹೋದವರಲ್ಲ. ಆದರೂ ನೆಟ್ಟ ಆಲದ ಮರಗಳಿಗೆ ಕೊಡದಲ್ಲಿ ನೀರು ಹೊತ್ತರು. ಆ ಸಾಲಿಗೆ 385 ಎಂಬ ಲೆಕ್ಕ ಉಳಿದಿದೆ. 2019ರಲ್ಲಿ ರಾಷ್ಟ್ರವು ಅವರಿಗೆ ಪದ್ಮಶ್ರೀ ಕೊಟ್ಟು ತಾನು ದೊಡ್ಡದಾಯಿತು.

ಮೂರನೆಯದು, ಓದುವುದು. ಮರದ ಮೇಲೆ ಕಾಗದ ಕಂಡರೆ ನಿಂತು ಓದಿರಿ. ನಗರದ ಮರಗಳನ್ನು ಕಾಯುವ ಕಾನೂನು ಈ ರಾಜ್ಯದಲ್ಲಿ 1975ರಿಂದಲೂ ಇದೆ. 2021ರ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ ಮರಕ್ಕೆ ಪರಂಪರೆಯ ಮರವೆಂಬ ಸ್ಥಾನವಿದೆ. ಆಕ್ಷೇಪ ಬರೆಯುವುದು ಜಗಳವಲ್ಲ, ಹಕ್ಕು. ಮನೆ ಬೇಡವೆಂದು ಬರೆಯಬೇಕಾಗಿಲ್ಲ. ನಕ್ಷೆಯನ್ನು ನಾಲ್ಕು ಅಡಿ ಸರಿಸಿ ಎಂದು ಬರೆಯಬಹುದು. ನಮ್ಮ ರೆಂಜೆಗೆ ಬೇಕಾಗಿದ್ದುದು ಪ್ರಾಯಶಃ ಅಷ್ಟೇ. ಒಂದು ಕಡೆ ಕಡಿದು ಇನ್ನೊಂದು ಕಡೆ ನೆಡುತ್ತೇವೆ ಎಂಬ ಮಾತನ್ನು ನಂಬಿ ಸುಮ್ಮನಾಗಬಾರದು. ಸಸಿಯ ನೆರಳಿನಲ್ಲಿ ಯಾರೂ ಮಲಗಲಾರರು. ಅದು ಮರವಾಗುವ ಹೊತ್ತಿಗೆ ಇಂದಿನ ಮಗು ಅಜ್ಜನಾಗಿರುತ್ತಾನೆ.

ಬಂಧುಗಳೆ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಿ ಕುಳಿತುಕೊಳ್ಳುತ್ತೇವೆ. ಕನ್ನಡದ ಹಬ್ಬದಲ್ಲಿ ಮರದ ಮಾತೇಕೆ? ನಾಡನ್ನು ಪ್ರೀತಿಸುವುದೆಂದರೆ ಬಿಟ್ಟು ಬಂದ ನೆಲವನ್ನು ನೆನೆಯುವುದು ಮಾತ್ರವಲ್ಲ, ನಿಂತ ನೆಲದ ಲೆಕ್ಕವನ್ನೂ ಇಟ್ಟುಕೊಳ್ಳುವುದು. ಅರವತ್ತು ವರ್ಷದಷ್ಟು ಅನ್ನ ಕೊಟ್ಟ ಊರನ್ನು ಇನ್ನೂ ಪರಸ್ಥಳವೆಂದರೆ ಆ ಅನ್ನಕ್ಕೆ ಎರಡು ಬಗೆದಂತೆ. ಅತಿಥಿಯು ಮನೆಯ ಮರವನ್ನು ಎಣಿಸುವುದಿಲ್ಲ, ಮನೆಯವನು ಎಣಿಸುತ್ತಾನೆ. ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾವು ರಾಣಿಬಾಗಿನ ಬಾಗಿಲಲ್ಲಿ ಒಂದು ವಹಿಯನ್ನು ಹಿಡಿದು ನಿಂತಿರುತ್ತೇವೆ. ಅಲ್ಲಿಂದ ನಮ್ಮ ಓಣಿಯವರೆಗೆ ನಡೆದು ಎಣಿಸುವುದು. ಕಣ್ಣು ಮಂದವಾಗಿದೆ, ಸಂಖ್ಯೆ ಬರೆದುಕೊಳ್ಳಲು ಮಕ್ಕಳು ಬಂದರೆ ಉಪಕಾರವಾಗುತ್ತದೆ.

 ಸಿರಿಗನ್ನಡಂ ಗೆಲ್ಗೆ.